ಒಂಬತ್ತು ಕುಳಿಗಳ ಮೈದಾನ

ನಮ್ಮ ಜನಕ್ಕೆ ಏನನ್ನಾದರೂ ಆರಿಸುವುದೆಂದರೆ ಅದರ ಹೆಸರನ್ನು ಆರಿಸುವುದು. ಶಾಲೆ, ಡಾಕ್ಟರು, ಮದುವೆಗೆ ಹುಡುಗಿ, ಎಲ್ಲವೂ ಹಾಗೇ. ನಾನೂ ಹಾಗೆ ಆಯ್ಕೆಯಾದವಳೇ. ಓದಿದ ಕಾನ್ವೆಂಟಿನ ಹೆಸರು ದೊಡ್ಡದಿತ್ತು, ನನಗೇನು ಇಷ್ಟವೆಂದು ಯಾರೂ ಕೇಳಿರಲಿಲ್ಲ. ಆದ್ದರಿಂದ ಸಿಡ್ನಿಗೆ ಬಂದ ಮೇಲೆ ಇವರು ಗಾಲ್ಫ್ ಮೈದಾನವನ್ನೂ ಹೆಸರು ನೋಡಿಯೇ ಆರಿಸಿದಾಗ ನಾನು ಬೆರಗಾಗಬೇಕಿರಲಿಲ್ಲ.

ಹಾಗೆ ನೋಡಿದರೆ ಗಾಲ್ಫ್ ಕೋಲನ್ನು ಮೊದಲು ಹಿಡಿದವಳು ನಾನು. ಪ್ಯಾರಮಟ್ಟಾದಲ್ಲಿ ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿದ್ದ ಮಾರ್ಗರೆಟ್ ಎಂಬ ಮುದುಕಿ, ಮಗಳನ್ನು ಶಾಲೆಗೆ ಕಳಿಸಿ ಕಿಟಕಿಯಲ್ಲಿ ನಿಂತಿರುತ್ತಿದ್ದ ನನ್ನನ್ನು ಒಂದು ಮಂಗಳವಾರ ಎಳೆದುಕೊಂಡು ಹೋದಳು. ರೈಲು ಹಳಿಯ ಹಿಂದಿನ ಚಿಕ್ಕ ಮೈದಾನ. ದೊಡ್ಡ ಕಡೆ ಹದಿನೆಂಟು ಕುಳಿಗಳಿದ್ದರೆ ಇಲ್ಲಿ ಒಂಬತ್ತೇ, ಕೆರೆಯಿಲ್ಲ, ಮರಳುಗುಂಡಿಯಿಲ್ಲ. ಹೊಸಬರಿಗೆ ಇದೇ ಸರಿ, ಇಲ್ಲಿ ಚೆಂಡೂ ಕಳೆಯುವುದಿಲ್ಲ, ಮಾನವೂ ಕಳೆಯುವುದಿಲ್ಲ ಎಂದಳು. ಅವಳ ಹಳೆಯ ಕೋಲಿನಿಂದ ನಾನು ಹೊಡೆದ ಚೆಂಡು ನೆಟ್ಟಗೆ ಹೋಯಿತು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಹೇಳಿದ ಕಡೆಗೆ ಹೋದ ಮೊದಲ ವಸ್ತು ಅದು. ಅಂದಿನಿಂದ ವಾರಕ್ಕೊಂದು ಬೆಳಿಗ್ಗೆ ನನ್ನದಾಯಿತು.

"ಭಾನುವಾರ ನೀವೂ ಬನ್ನಿ" ಎಂದು ಬಾಯಿಬಿಟ್ಟದ್ದೂ ನಾನೇ.

"ಅಲ್ಲಿ ಚಪ್ಪಲೀಲೇ ಆಡ್ತಾರಂತಲ್ಲೇ! ನಮ್ಮ ಬಾಸ್ ಆಡೋ ಕೋರ್ಸ್ ಬುಕ್ ಮಾಡ್ತೀನಿ. ಕಲಿಯೋದಾದ್ರೆ ಒಳ್ಳೇ ಕಡೆ ಕಲೀಬೇಕು."

"ಅಲ್ಲಿ ಕೆರೆ ಇದೆಯಂತೆ ಕಣ್ರೀ."

"ಇದ್ರೆ ಏನೀಗ? ನೀನೇನು ಈಜೋಕೆ ಬರ್ತೀಯಾ?"

ಆ ಒಳ್ಳೇ ಕಡೆ ಇವರ ಮೊದಲ ಚೆಂಡು ಕೆರೆಗೆ ಬಿತ್ತು; ಎರಡನೆಯದು ಅದಕ್ಕೆ ಜೊತೆಯಾಯಿತು. ಹಿಂದೆ ಸರದಿಗೆ ಕಾಯುತ್ತಿದ್ದವರು ಕೆಮ್ಮತೊಡಗಿದರು. ಅವರಲ್ಲಿ ಬಾಸೂ ಇದ್ದರು. ನಿಮ್ಮ ಮಿಸೆಸ್ ಒಂದು ಕೈ ನೋಡಲಿ ಎಂದು ನಗುತ್ತಾ ಅಂದರು. ನಾನು ಹೊಡೆದೆ. ಚೆಂಡು ನೀರು ದಾಟಿತು, ಚಪ್ಪಾಳೆ ಬಿತ್ತು. ಇವರು ಕಾರಿನ ಕೀಲಿ ತೆಗೆದರು.

ಕೆಲವು ವಾರ ಕಳೆದು ಕನ್ನಡದ ಗೆಳೆಯರು ನಮ್ಮಲ್ಲಿಗೆ ಊಟಕ್ಕೆ ಬಂದಾಗ ಇವರ ಉಪನ್ಯಾಸ ಕೇಳಿಸಿತು. "ಬಿಗಿನರ್ಸ್‌ಗೆ ದೊಡ್ಡ ಕೋರ್ಸ್ ಶುದ್ಧ ವೇಸ್ಟ್ ಕಣ್ರೀ. ನೀರಿರಬಾರದು, ಒಂಬತ್ತು ಹೋಲ್ ಸಾಕು. ನಾನೇ ಒಂದು ಹುಡುಕಿಟ್ಟಿದೀನಿ." ಬಿಸಿಬೇಳೆಬಾತ್ ಬಡಿಸುತ್ತಿದ್ದ ನಾನು, ಇವರ ತಟ್ಟೆಗೆ ಒಂದೂ ಗೋಡಂಬಿ ಬೀಳದಂತೆ ಸೌಟು ತಿರುಗಿಸಿದೆ. ಜಗಳ ಆಡಲು ನನಗೆ ಬರುವುದು ಅಷ್ಟೇ.

ಅತಿಥಿಗಳು ಹೋದ ಮೇಲೆ ಇವರು ಮೆಲ್ಲಗೆ ಹೇಳಿದರು: "ಸ್ವಲ್ಪ ದಿನ ನೀನು ಅಲ್ಲಿಗೆ ಆಡೋಕೆ ಹೋಗ್ಬೇಡ. ಅಲ್ಲಿಯವರು ನಿನ್ನ ಗುರುತು ಹಿಡಿದು ಮಾತಾಡಿಸಿದ್ರೆ ನನಗೆ ಇನ್‌ಸಲ್ಟು." ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಭಾನುವಾರ ಇವರೂ ಗೆಳೆಯರೂ ಅಲ್ಲಿ ಆಡುತ್ತಾರೆ. ನಾನು ಪುಳಿಯೋಗರೆಯ ಡಬ್ಬಿ ಹಿಡಿದು ಬೆಂಚಿನ ಮೇಲೆ ಕೂರುತ್ತೇನೆ.

ಮೊನ್ನೆ ಭಾನುವಾರ ಮಾರ್ಗರೆಟ್ ಕೂಡ ಅಲ್ಲಿಗೆ ಬಂದಳು. ಎಲ್ಲರ ಎದುರೇ, ನೀನೇಕೆ ಆಡುತ್ತಿಲ್ಲ ಎಂದು ಕೇಳಿದಳು. ಇವರು ಕೋಲನ್ನು ಅರ್ಧಕ್ಕೆ ಎತ್ತಿ ನನ್ನನ್ನೇ ನೋಡುತ್ತಾ ನಿಂತರು. ಕೇಳಿದ್ದಕ್ಕೆ ಮುಗುಳ್ನಕ್ಕು, ಪೂರ್ತಿ ವಾಕ್ಯದಲ್ಲಿ ಉತ್ತರಿಸಬೇಕೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಹಾಗೆಯೇ ಉತ್ತರಿಸಿದೆ: "ನಾನು ಆಡಲು ಹೋದರೆ ಇವರ ಊಟ ಆರಿಹೋಗುತ್ತದೆ, ಮಾರ್ಗರೆಟ್."

ಪುಳಿಯೋಗರೆ ಆರಿದ ಮೇಲೇ ಹೆಚ್ಚು ರುಚಿ ಎಂಬುದು, ಪಾಪ, ಅವಳಿಗೆ ಗೊತ್ತಿಲ್ಲ.