ಲಾಭದ ಗಳಿಗೆಯಲ್ಲಿ ಹುಟ್ಟಿದ ಡೇಟಾಬೇಸ್

ಸೂರತ್‌ನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಮಿಲ್ಲಿದೆ. ಅದರ ಡೇಟಾಬೇಸ್‌ಗಳಿಗೆಲ್ಲ ನಾನೇ ಕ್ಷೇತ್ರಪಾಲ. ಮೂಲ ಸರ್ವರ್ ಅಲ್ಲಿ. ಅಲ್ಲಿ ಬರೆದದ್ದೆಲ್ಲ ವಡೋದರಾದ ಮಕರಪುರದಲ್ಲಿರುವ ಸ್ಟ್ಯಾಂಡ್‌ಬೈ ಸರ್ವರ್‌ನಲ್ಲಿ ತಾನಾಗಿಯೇ ನಕಲಾಗುತ್ತದೆ. ಒಂದು ಮಲಗಿದರೆ ಇನ್ನೊಂದು ಏಳುತ್ತದೆ. ಹಾಗಾಗಿ ಅದೇ ವಡೋದರಾದ ಮಂಜಲ್‌ಪುರದ ಮನೆಯಲ್ಲಿ ನಾನು ನಿಶ್ಚಿಂತೆಯಿಂದ ಗಂಜಿ ಉಣ್ಣುತ್ತಿದ್ದೆ.

ಮಾಲೀಕರಾದ ಸೇಠ್‌ಜಿ ಮಿಲ್ಲಿನ ಪಕ್ಕದ ರಸ್ತೆಯಲ್ಲಿ ಸೀರೆ ಪ್ರಿಂಟಿಂಗಿನ ಹೊಸ ಘಟಕ ತೆರೆದರು. ಅದಕ್ಕೊಂದು ಹೊಸ ಡೇಟಾಬೇಸ್ ಬೇಕು. ಬೇರೆ ಸರ್ವರ್‌ನಲ್ಲಿದ್ದ ಮಾದರಿಯಿಂದ ಕ್ಲೋನ್ ಮಾಡಿದರಾಯಿತು. ಆದರೆ ಸೇಠ್‌ಜಿ ಪಂಚಾಂಗದಲ್ಲಿ ಚೋಘಡಿಯಾ ಎಂಬ ಶುಭಾಶುಭ ಗಳಿಗೆ ನೋಡದೆ ಬೀಗವನ್ನೂ ತೆಗೆಯುವವರಲ್ಲ. 'ಲಾಭ'ದ ಶುಭ ಗಳಿಗೆ ಮುಗಿಯುವುದರೊಳಗೆ ಡೇಟಾಬೇಸ್ ಹುಟ್ಟಲೇಬೇಕೆಂದು ಅಪ್ಪಣೆಯಾಯಿತು. ಮಾದರಿಯ ಫೈಲುಗಳನ್ನು ಮೊದಲೇ ವಡೋದರಾಕ್ಕೆ ಕಳಿಸದಿದ್ದರೆ ಅಲ್ಲಿನ ನಕಲೇ ನಿಂತುಹೋಗುತ್ತದೆ. ಕಳಿಸುತ್ತ ಕೂತರೆ ಲಾಭ ಜಾರಿಹೋಗುತ್ತದೆ. ನಾನು ಬುದ್ಧಿವಂತ. ಈ ಒಂದನ್ನು ಸ್ಟ್ಯಾಂಡ್‌ಬೈ ಸದ್ಯಕ್ಕೆ ಬಿಟ್ಟುಬಿಡಲಿ ಎಂಬ ಆಯ್ಕೆ ಕೊಟ್ಟೆ. ಫೈಲು ಆಮೇಲೆ ಕಳಿಸಿದರಾಯಿತು! ಕಾಯಿ ಒಡೆದರು, ಪೇಢೆ ಹಂಚಿದರು. ಪೇಢೆ ಬಾಯಿಗೆ ಬಂದದ್ದೇ ಆ 'ಆಮೇಲೆ' ತಲೆಯಿಂದ ಹೋಯಿತು.

ಒಂದು ಭಾನುವಾರ ಮಿಲ್ಲಿನ ಟ್ರಾನ್ಸ್‌ಫಾರ್ಮರ್ ಬದಲಿಸುವುದಿತ್ತು. ನಾನು ಮನೆಯಿಂದಲೇ ಎಲ್ಲವನ್ನೂ ವಡೋದರಾಕ್ಕೆ ವರ್ಗಾಯಿಸಿ, ಧಾರಾಳವಾಗಿ ಕರೆಂಟು ತೆಗೆಸಿ ಎಂದು ಸೇಠ್‌ಜಿಗೆ ಫೋನು ಮಾಡಿದೆ. ತೆಗೆಸಿದರು. ಅತ್ತ ಹೊಸ ಘಟಕದ ಗೇಟಿನಲ್ಲಿ ಮದುವೆ ಸೀರೆ ತುಂಬಿದ ಲಾರಿ ಬಿಲ್ಲಿಗಾಗಿ ಕಾಯುತ್ತಿತ್ತು. ಸಂಜೆಯೊಳಗೆ ಅಹಮದಾಬಾದ್ ತಲುಪದಿದ್ದರೆ ಆರ್ಡರ್ ರದ್ದು. ಜೊತೆಗೆ ನನ್ನ ನೌಕರಿಯೂ. ಬಿಲ್ ಬರಬೇಕಾದದ್ದು ಹೊಸ ಡೇಟಾಬೇಸಿನಿಂದ. ವಡೋದರಾದಲ್ಲಿ ಅದರ ಹೆಸರು ಠಾಕುಠೀಕಾಗಿ ಕಾಣುತ್ತಿತ್ತು. ಒಳಗೆ ಒಂದು ಫೈಲೂ ಇರಲಿಲ್ಲ!

ಹೆಂಡತಿ ಸುಮತಿಯ ತವರಿನವರದು ಇಲ್ಲೇ ಉಡುಪಿ ಹೋಟೆಲು. ನನ್ನ ವಿವರಣೆಯೆಲ್ಲ ಕೇಳಿ ಅವಳು ಹೇಳಿದ್ದಿಷ್ಟೇ:

"ಎಂಥದು ಮಾರಾಯ್ರೆ, ಎಲೆ ಹಾಕಿ ಬಡಿಸಲಿಕ್ಕೇ ಮರೆತದ್ದಾ?"

ಸೇಠ್‌ಜಿಗೆ ನಿಜ ಹೇಳದೆ ಗತಿಯಿರಲಿಲ್ಲ. ಅವರು ಬೈಯಲಿಲ್ಲ, ಅದೇ ನನಗೆ ಹೆಚ್ಚು ಭಯ. ಮದುವೆ ಮೆರವಣಿಗೆಯ ದೀಪಗಳಿಗೆ ಬಳಸುವ ಜನರೇಟರ್ ಹುಡುಕಿ ತರಿಸಿ, ಸೂರತ್‌ನ ಸರ್ವರ್ ಎಬ್ಬಿಸಿದರು. ನಾನು ದೇವರ ಹೆಸರು ಹೇಳುತ್ತ ಎಲ್ಲವನ್ನೂ ವಾಪಸು ವರ್ಗಾಯಿಸಿದೆ. ಬಿಲ್ ಬಂತು. ಲಾರಿ ಹೇಗೋ ಹೊತ್ತು ಮುಳುಗುವ ಮುಂಚೆ ಅಹಮದಾಬಾದ್ ಸೇರಿತು.

ಮರುದಿನ ಸೇಠ್‌ಜಿ ನನ್ನನ್ನು ಸೂರತ್‌ಗೆ ಕರೆಸಿ, ಕೂರಿಸಿ ಚಹಾ ಕೊಟ್ಟರು.

"ಭಾಯ್, ಸರ್ವರ್‌ಗೆ ಸ್ಟ್ಯಾಂಡ್‌ಬೈ ಇದೆ. ನಿಮಗೆ ಯಾರಿದ್ದಾರೆ?"

ಯಾರೂ ಇಲ್ಲವೆಂದೆ. ಅವರು ಆಗಲೇ ಒಬ್ಬ ಇಂಜಿನಿಯರಮ್ಮನನ್ನು ನೇಮಿಸಿಯಾಗಿತ್ತು. ನನಗೆ ತಿಳಿದದ್ದನ್ನೆಲ್ಲ ಆಕೆಗೆ ಕಲಿಸಲು ಒಂದು ತಿಂಗಳ ಅವಧಿ ಕೊಟ್ಟರು. ಮಾರನೆಯ ಬೆಳಿಗ್ಗೆ ಕಲಿಸಲು ಶುರುಮಾಡಿದೆ.

ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿದುಹೋಯಿತು.