ಮಾಸ್ತರ ಕಾರ್ಡು

ಕನ್ನಡಕದಂಗಡಿಯವನು ತನ್ನ ಮನೆಯ ಇಂಟರ್ನೆಟ್ಟಿಗೆ ತಾನೇ ಕಾವಲು ಕಟ್ಟಿದ್ದ. ಅಂಗಡಿಯ ಹಳೇ ಕಂಪ್ಯೂಟರನ್ನು ಮನೆಗೆ ತಂದು, ಹೊರಗಿನಿಂದ ಬರುವುದನ್ನೆಲ್ಲ ತಡೆದು ತಪಾಸಣೆ ಮಾಡುವ ಫೈರ್‌ವಾಲ್ ಆಗಿಸಿ ಟೀವಿಯ ಪಕ್ಕ ಕೂರಿಸಿದ್ದ. ಇಂಥದ್ದು ಬೀದಿಯಲ್ಲಿ ಇನ್ನೊಂದಿಲ್ಲ ಎಂಬ ಹೆಮ್ಮೆ ಅವನದು. ಆ ಭಾನುವಾರ ಅದು ಮಾತುಮಾತಿಗೆ ಮುನಿಸಿಕೊಳ್ಳತೊಡಗಿತು.

ಹೆಂಡತಿ ಹೊಲಿಗೆ ಕಲಿಸುವುದು ಇಂಟರ್ನೆಟ್ಟಿನಲ್ಲೇ. ಅಂಗಿಯ ಕೊರಳಿಗೆ ಕತ್ತರಿ ಹಾಕುವ ಹೊತ್ತಿಗೆ ಸರಿಯಾಗಿ ಕಲಿಯುವವರ ಪರದೆಯಲ್ಲಿ ಚಿತ್ರ ನಿಂತಿತು. ಮತ್ತೆ ಬರುವಷ್ಟರಲ್ಲಿ ಕೊರಳು ಕತ್ತರಿಸಿ ಆಗಿತ್ತು.

“ಸಂಜೆ ಇನ್ನೊಂದು ಕ್ಲಾಸಿದೆ. ಅಷ್ಟರೊಳಗೆ ಸರಿಹೋಗದಿದ್ರೆ ನಿಮ್ಮ ಪೆಟ್ಟಿಗೆ ಅಟ್ಟಕ್ಕೆ,” ಎಂದಳು.

ಪೆಟ್ಟಿಗೆಯನ್ನು ಇಂಟರ್ನೆಟ್ಟಿಗೆ ಜೋಡಿಸುವ ನೆಟ್‌ವರ್ಕ್ ಕಾರ್ಡು ಹೊತ್ತಿಗೆ ಸರಿಯಾಗಿ ಉತ್ತರ ಕೊಡುತ್ತಿಲ್ಲ, ಡ್ರೈವರ್ ಅದನ್ನು ಮತ್ತೆ ಮತ್ತೆ ಎಬ್ಬಿಸುತ್ತಿದೆ ಎಂದು ಪರದೆ ಹೇಳುತ್ತಿತ್ತು. ಅವನು ತಂತಿ ಬದಲಿಸಿದ. ಮುಚ್ಚಳ ಬಿಚ್ಚಿ ದೂಳು ಊದಿದ. ದೂಳೆಲ್ಲ ಅವನ ಮೀಸೆಯಲ್ಲೇ ಬಿಡಾರ ಹೂಡಿತು.

ಅಷ್ಟರಲ್ಲಿ ಎದುರುಮನೆಯ ನಿವೃತ್ತ ಸ್ಟೇಷನ್ ಮಾಸ್ತರು ಒಳಬಂದರು. ಡ್ರೈವರಿನದೇ ತೊಂದರೆ ಎಂದು ಕೇಳಿ, ಡ್ರೈವರ್ ಸರಿಯಿಲ್ಲದೆ ತಮ್ಮ ಗಾಡಿಗಳು ಎಲ್ಲೆಲ್ಲಿ ನಿಂತಿದ್ದವೆಂದು ವಿವರಿಸಿದರು. ಇದು ಕಾರ್ಡನ್ನು ನಡೆಸುವ ತಂತ್ರಾಂಶ ಎಂದು ಅವನು ತಿಳಿಹೇಳುವ ಮೊದಲೇ ಮನೆಗೆ ಹೋಗಿ, ತಮ್ಮ ಹಳೇ ಕಂಪ್ಯೂಟರಿನಿಂದ ಕಿತ್ತಿಟ್ಟಿದ್ದ ಕಾರ್ಡೊಂದನ್ನು ತಂದು ಅವನ ಕೈಗಿಟ್ಟರು.

“ಹಾಕಿ ನೋಡಪ್ಪ. ಗಟ್ಟಿ ಮಾಲು.”

ಅದು ಆ ಪೆಟ್ಟಿಗೆಯೊಳಗೆ ಕೂರುವಂಥದ್ದೇ ಅಲ್ಲ. ಹಿರಿಯರ ಮನಸ್ಸು ನೋಯಿಸುವುದು ಬೇಡವೆಂದು ತಲೆಯಾಡಿಸಿದ. ಅವರು ಹೋದ ಮೇಲೆ ಮೇಜಿನ ಡ್ರಾಯರಿನಲ್ಲಿ ಹಾಕಿದ.

ಊಟ ತಣ್ಣಗಾಯಿತು, ಕಣ್ಣು ಕೆಂಪಾಯಿತು, ಕೊನೆಗೆ ಕಳ್ಳ ಸಿಕ್ಕಿಬಿದ್ದ. ಬಂದುಹೋಗುವ ಮಾಹಿತಿ ಸರಿಯಿದೆಯೇ ಎಂದು ಲೆಕ್ಕ ಹಾಕುವ ಕೆಲಸವನ್ನೂ ಡ್ರೈವರ್ ಆ ಬಡಪಾಯಿ ಕಾರ್ಡಿನ ತಲೆಗೇ ಕಟ್ಟಿತ್ತು. ಅವನು ಆ ಹೊರೆ ಇಳಿಸಿ ಕಂಪ್ಯೂಟರಿಗೆ ವಹಿಸಿದ. ಇಂಟರ್ನೆಟ್ಟು ಎಣ್ಣೆ ಹೊಯ್ದಂತೆ ಹರಿಯಿತು. ಕನ್ನಡಿ ಮುಂದೆ ನಿಂತು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಸಂಜೆ ಕ್ಲಾಸು ನಡೆಯುತ್ತಿರುವಾಗ ಬಾಗಿಲಲ್ಲಿ ಅಕ್ಕಪಕ್ಕದವರು ನೆರೆದರು. ಅವನು ಅಂಗಿ ಸರಿಮಾಡಿಕೊಂಡು ಹೊರಬಂದರೆ, ಎಲ್ಲರೂ ಅಭಿನಂದಿಸುತ್ತಿದ್ದುದು ಮಾಸ್ತರನ್ನು. ಒಂದೇ ಒಂದು ಕಾರ್ಡಿನಿಂದ ಮಾಸ್ತರು ಮನೆ ಉಳಿಸಿದರಂತೆ. ಒಳಗೆ ಹೆಂಡತಿಯೂ ಕಲಿಯುವವರಿಗೆ ಅದನ್ನೇ ಹೇಳುತ್ತಿದ್ದಳು.

ಅವನಿಗೆ ತಡೆಯಲಾಗಲಿಲ್ಲ. ಡ್ರಾಯರ್ ಎಳೆದು ಕಾರ್ಡು ತಂದ.

“ಇದನ್ನ ನಾನು ಹಾಕೇ ಇಲ್ಲ ಮಾಸ್ತರೇ. ಸರಿಮಾಡಿದ್ದು ನಾನು. ತಗೊಳ್ಳಿ.”

ಮಾಸ್ತರು ಕಾರ್ಡನ್ನು ಜೇಬಿಗಿಳಿಸಿ ಹೊರಟರು. ಅವರು ತಮ್ಮ ಹೊಸ್ತಿಲು ದಾಟಿದರೋ ಇಲ್ಲವೋ, ಒಳಗೆ ಹೆಂಡತಿಯ ಕ್ಲಾಸು ನಿಂತಿತು.

ಅವನು ಓಡಿಹೋಗಿ ನೋಡಿದ. ಪೆಟ್ಟಿಗೆ ಸರಿಯಾಗಿಯೇ ಇತ್ತು. ಸತ್ತಿದ್ದು ಹೊರಗಿನ ಲೈನು. ಬೀದಿಯ ತುದಿಯಲ್ಲಿ ಇಂಟರ್ನೆಟ್ ಕಂಪನಿಯವನೊಬ್ಬ ಕಂಬ ಹತ್ತಿ ಕೂತಿದ್ದ. ಅವನನ್ನು ಬೆರಳು ಮಾಡಿ ತೋರಿಸಿದರೂ ಯಾರೂ ಅತ್ತ ತಿರುಗಲಿಲ್ಲ.

“ಕಾರ್ಡು ಆಚೆ ಹೋದ ಗಳಿಗೇಲೇ ಲೈನೂ ಹೋಯ್ತಾ?” ಹೆಂಡತಿ ಕತ್ತರಿ ಹಿಡಿದೇ ಕೇಳಿದಳು. “ಹೋಗಿ ಕೇಳಿ ತನ್ನಿ.”

ಹೋದ. ಕೇಳಿದ. ಮಾಸ್ತರು ದೊಡ್ಡ ಮನಸ್ಸು ಮಾಡಿ ತಾವೇ ಬಂದು, ಕಾರ್ಡನ್ನು ಪೆಟ್ಟಿಗೆಯ ತಲೆಯ ಮೇಲಿಟ್ಟು ಎರಡು ಬಾರಿ ತಟ್ಟಿದರು. ಕಂಪನಿಯವನು ಕಂಬದಿಂದ ಇಳಿಯುತ್ತಿದ್ದುದು ಕಿಟಕಿಯಲ್ಲಿ ಕಂಡದ್ದು ಕನ್ನಡಕದಂಗಡಿಯವನೊಬ್ಬನಿಗೇ. ಕ್ಲಾಸು ಮತ್ತೆ ಶುರುವಾಯಿತು, ಬಾಗಿಲಲ್ಲಿದ್ದವರು ಚಪ್ಪಾಳೆ ತಟ್ಟಿದರು.

“ಇನ್ಮೇಲೆ ಇದನ್ನ ಮುಟ್ಟಬೇಡಪ್ಪ,” ಎಂದರು ಮಾಸ್ತರು. “ನಿಂಗೆ ಗೊತ್ತಾಗಲ್ಲ.”