ತಾನಾಗಿ ಬೆಳೆದ ರಾಗಿ

ಕೊಳ್ಳೇಗಾಲ ತಾಲೂಕಿನ ಕಕ್ಕೆದೊಡ್ಡಿ ಗ್ರಾಮದಲ್ಲಿ ಬೇಸಾಯ ಬಲ್ಲವರು ಒಬ್ಬರೂ ಇಲ್ಲ ಎಂಬುದು ಸರ್ಕಾರದ ಮಟ್ಟದಲ್ಲಿ ವಿಚಾರಣೆ ನಡೆದು, ಸಾಕ್ಷಿಗಳ ಹೇಳಿಕೆ ಪಡೆದು, ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾದ ಸಂಗತಿ. ಈ ಬಗ್ಗೆ ಗ್ರಾಮಸ್ಥರಿಂದ ಇದುವರೆಗೆ ಯಾವ ತಕರಾರೂ ಬಂದಿಲ್ಲ. ಬಂಡಳ್ಳಿ ಕಡೆಗೆ ರಾಗಿ, ಜೋಳ, ಅವರೆಕಾಯಿ, ಹುರುಳಿ, ಉಚ್ಚೆಳ್ಳು ಗಾಡಿಗಟ್ಟಲೆ ಹೋಗುತ್ತಿದ್ದುದು ಇದೇ ಊರಿಂದ ಎಂಬುದೂ ಅಷ್ಟೇ ನಿಜ. ಈ ಎರಡು ನಿಜಗಳು ಒಂದೇ ಊರಿನಲ್ಲಿ ಹೇಗೆ ಒಟ್ಟಿಗೆ ಸಂಸಾರ ಮಾಡಿದವು ಎಂಬುದನ್ನು ಗುರುಮಲ್ಲಪ್ಪನ ರಾಗಿ ಹೊಲದಿಂದ ಶುರುಮಾಡಿ ಹೇಳುವುದೇ ಸರಿ.

ತಾಲೂಕು ಕೊಯಮತ್ತೂರು ಜಿಲ್ಲೆಯ ಕೈಬಿಟ್ಟು ಮೈಸೂರು ರಾಜ್ಯದ ಕೈಹಿಡಿದು ಕೆಲವು ವರ್ಷಗಳಾಗಿದ್ದವು. ತನ್ನ ಪಾಲಿಗೆ ಬಂದ ರೈತರು ಎಂಥವರು, ಯಾರಿಗೆ ಯಾವ ಕೆಲಸ ಬರುತ್ತದೆ ಎಂದು ತಿಳಿಯುವ ಆಸೆ ಹೊಸ ಸರ್ಕಾರಕ್ಕೆ ಹುಟ್ಟಿತು. ಅದಕ್ಕಾಗಿ ರೈತ ಕೌಶಲ್ಯ ಸಮೀಕ್ಷೆ ಎಂಬುದು ಏರ್ಪಾಡಾಗಿ, ಕೆಂಪನಂಜಪ್ಪ ಎಂಬ ವಿಸ್ತರಣಾಧಿಕಾರಿಗಳು ಸೈಕಲ್ ತುಳಿದುಕೊಂಡು ಕಕ್ಕೆದೊಡ್ಡಿಗೆ ಬಂದರು. ಅವರು ಯಳಂದೂರು ಕಡೆಯ ಅಗರದವರು. ಅವರ ತಾಯಿ ಇವತ್ತಿಗೂ ಭತ್ತದ ತೆನೆ ತೂಗುವುದನ್ನು ಕಂಡರೆ ‘ಥೂ’ ಎಂದು ಪಕ್ಕಕ್ಕೆ ಉಗಿದು ಮನೆಗೆ ಬರುವವರೇ. ಆದರೆ ಕೆಂಪನಂಜಪ್ಪನವರು ತರಬೇತಿ ಪಡೆದಿದ್ದರು. ಆ ತರಬೇತಿ ಎಷ್ಟು ಪಕ್ಕಾ ಇತ್ತೆಂದರೆ, ತಾಯಿ ಹೇಳಿಕೊಟ್ಟದ್ದನ್ನೆಲ್ಲ ಮರೆತು, ರೈತರು ಬಾಯಲ್ಲಿ ಹೇಳಿದ್ದನ್ನು ಹಾಗೆಯೇ ನಂಬುವ ಮಟ್ಟಕ್ಕೆ ಅವರು ಬಂದು ಮುಟ್ಟಿದ್ದರು.

ಇಲ್ಲಿ ನಮ್ಮ ಕಡೆಯವರ ಒಂದು ಗುಣವನ್ನು ಹೇಳಲೇಬೇಕು. ನಮ್ಮಲ್ಲಿ ಯಾರೂ ತಮ್ಮ ಬೆಳೆ ಚೆನ್ನಾಗಿದೆ ಎನ್ನುವುದಿಲ್ಲ. ಹಾಗೆ ಅಂದುಬಿಟ್ಟರೆ ಕಣ್ಣು ಬೀಳುತ್ತದೆ. ಇನ್ನೊಬ್ಬರ ಬೆಳೆಯನ್ನಂತೂ ಹೊಗಳಲೇಬಾರದು, ಹೊಗಳಿದವನು ಕಣ್ಣು ಹಾಕಿದ ಎಂದೇ ಅರ್ಥ. ಬೇಕಾದವರ ಹೊಲದ ಬದುವಿನಲ್ಲಿ ನಿಂತು ‘ಇದೂ ಒಂದು ಬೆಳೆಯೇನಯ್ಯಾ’ ಎಂದು ಮುಖ ಸಿಂಡರಿಸಿದರೆ ಅದು ಪ್ರೀತಿ. ಎಮ್ಮೆ ಕೊಡ ತುಂಬಾ ಹಾಲು ಕೊಟ್ಟರೂ ‘ಏನೋ, ಕಾಫಿಗಾಗ್ತದೆ’ ಎನ್ನಬೇಕು. ಇಷ್ಟು ಜಾಣತನದಿಂದ ಬದುಕಿಯೂ ನಮ್ಮನ್ನು ಯಾರೂ ಜಾಣರೆಂದು ಕರೆಯುವುದಿಲ್ಲವಲ್ಲ ಎಂದು ನಾವು ಆಮೇಲೆ ಜಗಲಿಯಲ್ಲಿ ಕೂತು ಕೊರಗುತ್ತೇವೆ.

ಗುರುಮಲ್ಲಪ್ಪ ಈ ಕೊರಗಿನವರಲ್ಲಿ ಮೊದಲಿಗ. ಅವನಿಗೆ ಬೇಲದ ಮರದ ಪಕ್ಕದಲ್ಲಿ ಒಂದು ಹೊಲ. ಅಪ್ಪ ಹಾರೆ ಹಿಡಿದು ಬಂಡೆ ಎಬ್ಬಿಸಿ ಹಸನು ಮಾಡಿದ್ದು. ಗುರುಮಲ್ಲಪ್ಪ ಕೂರಿಗೆ ಹಿಡಿದರೆ ರಾಗಿಯ ಸಾಲು ದಾರ ಕಟ್ಟಿ ಎಳೆದಂತೆ ಬೀಳುತ್ತಿತ್ತು. ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಜೋಳ, ಸುತ್ತಲೂ ಉಚ್ಚೆಳ್ಳು. ತನ್ನಂಥ ಒಕ್ಕಲು ಈ ಸೀಮೆಯಲ್ಲೇ ಇಲ್ಲ ಎಂದು ಅವನ ಹೊಟ್ಟೆಯೊಳಗೆ ಖಾತ್ರಿಯಿತ್ತು. ಆದರೆ ಬೆಳಗ್ಗೆ ಹೊಲ ನೋಡಲು ಹೋದಾಗ ತನ್ನ ಕಣ್ಣೇ ತಗುಲೀತೆಂದು ತೆನೆಗಳನ್ನು ಓರೆಗಣ್ಣಿನಲ್ಲಿ ನೋಡಿ, ಬೇಲದ ಮರದ ಕಡೆ ಮುಖ ಮಾಡಿಕೊಂಡು ಸಂತೋಷಪಡುತ್ತಿದ್ದ. ಒಂದು ಸಲ, ಒಂದೇ ಒಂದು ಸಲ, ‘ಇದು ನಾನು ಬೆಳೆದದ್ದು’ ಎಂದು ಬಾಯಿ ತುಂಬಾ ಹೇಳಬೇಕೆಂಬುದು ಅವನ ಜೀವದ ಆಸೆ.

ಕೆಂಪನಂಜಪ್ಪನವರು ಅದೇ ಬದುವಿನ ಮೇಲೆ ಸೈಕಲ್ ಒರಗಿಸಿ ಕೇಳಿದರು:

“ಬೇಸಾಯದಲ್ಲಿ ನೀವು ಏನೇನು ಬಲ್ಲಿರಿ?”

“ನಾನಾ? ನಂಗೇನ್ ಗೊತ್ತದ ಸಾ. ಎತ್ತು ಮುಂದ್ಕ್ ಓಯ್ತವ, ಇಂದ್ಗಡೆ ನಾನೂ ಓಯ್ತೀನಿ.”

“ಬಿತ್ತನೆ?”

“ಕಾಳು ಕೈಲಿತ್ತು, ಬಿದ್ದೋಯ್ತು ಸಾ.”

“ಸಾಲು ಇಷ್ಟು ನೇರವಾಗಿದೆಯಲ್ಲ?”

“ಎತ್ಗಳು ನೇರಕ್ಕೆ ನಡುದ್ವೋ ಏನೋ.”

“ಅವರೆ ಹಾಕಿದವರು ಯಾರು?”

“ಅದು ರಾಗಿ ಜೊತೇಲಿ ಅದ್ರ ಪಾಡ್ಗೆ ಬಂದ್ಬುಡ್ತದ ಸಾ. ಎಲ್ಲಾ ಬೆಟ್ಟದ ಮಾದಪ್ಪಂದು. ನಂದೇನೂ ಇಲ್ಲ.”

ಕೆಂಪನಂಜಪ್ಪನವರು ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಂಡರು. ಊರೊಳಗೆ ಹೋದರೆ, ಬಿತ್ತನೆ ಕಾಳಿಗೆ ಬೂದಿ ಬೆರೆಸಿ ಬೇವಿನ ಸೊಪ್ಪಿಟ್ಟು ಕಾಯುವ ಚಿಕ್ಕನಿಂಗಮ್ಮ “ಉಳಕ್ಕೆ ನಮ್ಮನೆ ದಾರಿ ಗೊತ್ತಿಲ್ಲ ಬುದ್ಧಿ, ಅದ್ಕೇ ಕಾಳು ಉಳ್ಕತವ” ಎಂದಳು. ವರ್ಷಗಟ್ಟಲೆ ಕಾಳು ಕೆಡದ ಹಾಗೆ ನೆಲದೊಳಗೆ ಹಗೇವು ತೋಡುವ ದೊಡ್ಡಸಿದ್ದಯ್ಯ “ಗುಂಡಿ ತೋಡೋದೇನ್ ಸಾ ದೊಡ್ಡದು, ಎಗ್ಗಣಾನೂ ತೋಡ್ತದ” ಎಂದ. ಊರಿಗೆ ಊರೇ ಒಂದೇ ಮಾತು.

ಮಧ್ಯಾಹ್ನದ ಊಟ ಗುರುಮಲ್ಲಪ್ಪನ ಮನೆಯಲ್ಲಿ. ಬಿಸಿ ಮುದ್ದೆ, ಹಿತಕಿದವರೆ ಸಾರು, ಉಚ್ಚೆಳ್ಳು ಚಟ್ನಿ, ಗಟ್ಟಿ ಮಜ್ಜಿಗೆ. ಕೆಂಪನಂಜಪ್ಪನವರು ಕೈ ತೊಳೆಯುತ್ತಾ, “ಅಮ್ಮಾ, ಇಂಥ ಸಾರು ನಾನು ಜನ್ಮದಲ್ಲಿ ಉಂಡಿರಲಿಲ್ಲ!” ಎಂದುಬಿಟ್ಟರು. ಗುರುಮಲ್ಲಪ್ಪನ ಹೆಂಡತಿ ಶಿವರತ್ನಮ್ಮನ ಮುಖ ಬಿಳಚಿಕೊಂಡಿತು. ಅವರ ಸೈಕಲ್ ತಿರುವು ದಾಟುವುದರೊಳಗೆ ಅವಳು ಉಪ್ಪು, ಮೆಣಸಿನಕಾಯಿ ತಂದು ಸಾರಿನ ಪಾತ್ರೆಗೂ ಒಲೆಗೂ ನಿವಾಳಿಸಿ ಬೆಂಕಿಗೆ ಹಾಕಿದಳು. “ಓದ್ದವ್ರ ಕಣ್ಣು ಬಲೇ ಕೆಟ್ಟದ್ದು ಕಣ್ರಿ” ಎಂದು ಗಂಡನಿಗೆ ಹೇಳಿದಳು.

ಸಮೀಕ್ಷೆಯ ವರದಿ ಮೇಲಕ್ಕೆ ಹೋಯಿತು. ಸದರಿ ಗ್ರಾಮದಲ್ಲಿ ಬೇಸಾಯ ಬಲ್ಲವರು ಇಲ್ಲ, ಆದರೆ ಬೆಳೆ ಇದೆ ಎಂದು ಅದರಲ್ಲಿ ಇತ್ತು. ಇದನ್ನು ಓದಿದ ಒಂದು ಕಚೇರಿ ಇನ್ನೊಂದು ಕಚೇರಿಗೆ ಅಭಿಪ್ರಾಯ ಕೇಳಿತು, ಅದು ಮತ್ತೊಂದಕ್ಕೆ ಕೇಳಿತು. ರಾಗಿ ಹಣ್ಣಾಗಿ ಕುಯ್ಲಿಗೆ ನಿಂತ ಹೊತ್ತಿಗೆ ಎಲ್ಲರ ಅಭಿಪ್ರಾಯವೂ ಒಂದಾಗಿತ್ತು. ತೋಟಿ ಮಹದೇವು ತಮಟೆ ಬಡಿದು, ಕಲಿಸಿಕೊಟ್ಟಿದ್ದನ್ನು ಉಸಿರು ಬಿಡದೆ ಒಪ್ಪಿಸಿದ:

“ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಗುರುಮಲ್ಲಪ್ಪನ ಸ್ವಾಧೀನದಲ್ಲಿರುವ ಬೇಲದ ಮರದ ಹೊಲದ ರಾಗಿಯು ಯಾರ ಪ್ರಯತ್ನವೂ ಇಲ್ಲದೆ ತಾನಾಗಿ ಬೆಳೆದಿರುವುದು ಆತನ ಬಾಯಿಂದಲೇ ದೃಢಪಟ್ಟಿರುತ್ತದೆ. ಯಾರೂ ಬೆಳೆಸದೆ ತಾನಾಗಿ ಬೆಳೆದುದೆಲ್ಲವೂ ಕಾಡು ಎಂಬ ನಿಯಮವಿರುವುದರಿಂದ, ಸದರಿ ರಾಗಿಯನ್ನು ಕಾಡೆಂದು ಭಾವಿಸತಕ್ಕದ್ದು. ಅಪ್ಪಣೆಯಿಲ್ಲದೆ ಕಾಡಿಗೆ ಕುಡುಗೋಲು ಹಾಕತಕ್ಕದ್ದಲ್ಲ. ತಕರಾರಿದ್ದಲ್ಲಿ ತನಗೆ ಬೇಸಾಯ ಬರುತ್ತದೆಂದು ಸ್ವತಃ ಹೇಳಿ, ಗ್ರಾಮದ ಸಾಕ್ಷಿ ಒದಗಿಸತಕ್ಕದ್ದು. ಬೇರೆ ಹೊಲಗಳ ವಿಚಾರ ತರುವಾಯ!”

ಗುರುಮಲ್ಲಪ್ಪನಿಗೆ ಆ ದಿನ ಮುದ್ದೆ ಗಂಟಲಿಗಿಳಿಯಲಿಲ್ಲ. ಅಪ್ಪ ಎಬ್ಬಿಸಿದ ಬಂಡೆಗಳು ಇನ್ನೂ ಬದುವಿನಲ್ಲೇ ಬಿದ್ದಿದ್ದವು. ಅದು ಕಾಡಂತೆ!

“ಏಳ್ಬುಡಿ ಅತ್ಲಾಗೆ, ನಾನೇ ಬೆಳುದ್ದು ಅಂತ” ಎಂದಳು ಶಿವರತ್ನಮ್ಮ.

“ಎಂಗ್ ಏಳ್ಲಿ? ತೆನೆ ಇನ್ನೂ ಒಲದಲ್ಲೇ ಅವ.”

“ಅದೂ ನಿಜ್ವೇ. ಏಳ್ಬೇಡಿ.” ಅವಳು ಮುದ್ದೆಯ ತಟ್ಟೆ ಎತ್ತಿಕೊಂಡು ಹೊರಟವಳು ತಿರುಗಿ, “ಒಲ ಓದ್ರೆ?” ಎಂದಳು.

“ಸಾಕ್ಷಿ ಏಳಕ್ಕೆ ಊರೋರೆಲ್ಲ ಅವ್ರಲ್ಲಾ” ಎಂದ ಗುರುಮಲ್ಲಪ್ಪ.

ವಿಚಾರಣೆ ಶಾಲೆಯ ಜಗಲಿಯ ಮೇಲೆ ನಡೆಯಿತು. ಹಿರಿಯ ಸಾಹೇಬರೊಬ್ಬರು ಕುರ್ಚಿಯಲ್ಲಿ, ಪಕ್ಕದಲ್ಲಿ ಕಾಡಿನ ಇಲಾಖೆಯಿಂದ ಬಂದ ಖಾಕಿ ಕೋಟಿನವರು, ಹಿಂದೆ ಕೆಂಪನಂಜಪ್ಪನವರು. ಗುರುಮಲ್ಲಪ್ಪನ ಜೀವದ ಗೆಳೆಯ ಪುಟ್ಟಮಾದಪ್ಪ ಮೊದಲ ಸಾಕ್ಷಿ.

“ಈತನ ಬೇಸಾಯ ಹೇಗೆ?” ಎಂದರು ಸಾಹೇಬರು.

ಪುಟ್ಟಮಾದಪ್ಪ ಗೆಳೆಯನನ್ನು ಅಕ್ಕರೆಯಿಂದ ನೋಡಿದ. “ಥೂ, ಅದೂ ಒಂದು ಬೇಸಾಯ್ವಾ ಸಾ? ತೆನೆ ನೋಡುದ್ರೆ ಅಳು ಬತ್ತದ. ಕೂರಿಗೆ ಯಾವ ಕಡೆ ಇಡೀಬೇಕು ಅಂತ್ಲೂ ಗೊತ್ತಿಲ್ಲ ಇಂವುಂಗೆ. ಬಡ್ಡೆತ್ತದು ಒಂದಿನಾನೂ ನೆಟ್ಗೆ ಬೆಳೀನಿಲ್ಲ!”

ಇಂಥ ಗೆಳೆಯ ಯಾರಿಗುಂಟು ಎಂದು ಗುರುಮಲ್ಲಪ್ಪನ ಕಣ್ಣಲ್ಲಿ ನೀರು ಬಂತು. ಖಾಕಿ ಕೋಟಿನವರು ಹಸನ್ಮುಖರಾಗಿ ತಲೆಯಾಡಿಸಿದರು. ಆಮೇಲೆ ಬಂದವರೆಲ್ಲ, ಗುರುಮಲ್ಲಪ್ಪನ ಹಿತ ಬಯಸುವವರೇ ಆದ್ದರಿಂದ, ಒಬ್ಬರಿಗಿಂತ ಒಬ್ಬರು ಹೆಚ್ಚಾಗಿ ಅವನ ಬೆಳೆಯನ್ನು ಜರಿದು ಹೋದರು.

ಕೊನೆಗೆ ಎದ್ದು ನಿಂತವನು ದಾಯಾದಿ ಸಿದ್ದಮಲ್ಲಪ್ಪ. ಬದುವಿನ ಮೇಲಿನ ಹೊಂಗೆ ಮರ ಯಾರದೆಂಬ ವಿಚಾರವಾಗಿ ಅವನಿಗೂ ಗುರುಮಲ್ಲಪ್ಪನಿಗೂ ಮಾತಿಲ್ಲದೆ ಬಹಳ ವರ್ಷಗಳಾಗಿದ್ದವು. ಅವನು ಹೆಗಲ ಟವೆಲು ಸರಿಮಾಡಿಕೊಂಡು ಶುರುಮಾಡಿದ.

“ಸಾ, ಸತ್ಯ ಏಳ್ತೀನಿ. ಗುರುಮಲ್ಲಪ್ಪನಂಥ ಒಕ್ಲು ಈ ಸೀಮೇಲೇ ಇಲ್ಲ. ಆ ರಾಗಿ ತೆನೆ ಮುಷ್ಟೀಲಿ ಇಡ್ಸಕ್ಕಾಗಲ್ಲ. ಸಾಲು ನೋಡುದ್ರೆ ಕಣ್ಣು ಕೀಳಕ್ಕಾಗಲ್ಲ. ಅವರೆ ಒಂದೊಂದ್ ಗಿಡ್ದಲ್ಲೂ ಒರೆಗಟ್ಲೆ ಕಾಯಿ! ಏನ್ ಕೈ ಸಾ ಅದು, ಮುಟ್ಟುದ್ದೆಲ್ಲ ಚಿನ್ನ!”

ಜನ ಉಸಿರು ಹಿಡಿದರು. ಹೆಂಗಸರ ಗುಂಪಿನಿಂದ ಶಿವರತ್ನಮ್ಮ ‘ಅಯ್ಯೋ’ ಎಂದಳು. ಸಾಹೇಬರು ಮಾತ್ರ ಬಹಳ ಸಂತೋಷದಿಂದ ಪೆನ್ನು ತೆಗೆದರು. “ಇಷ್ಟು ಸಾಕು. ಒಬ್ಬ ಸಾಕ್ಷಿಯಾದರೂ ಬಂದರಲ್ಲ. ಗುರುಮಲ್ಲಪ್ಪನವರೇ, ಇದನ್ನು ನೀವು ಹೌದು ಅಂದರೆ ಮುಗಿಯಿತು. ಹೊಲ ನಿಮ್ಮದು, ರಾಗಿ ನಿಮ್ಮದು. ಹೇಳಿ, ಇದು ನೀವು ಬೆಳೆದದ್ದೇ?”

ಗುರುಮಲ್ಲಪ್ಪ ಎದ್ದು ನಿಂತ. ಇಡೀ ಜನ್ಮ ಹೇಳಬೇಕೆಂದುಕೊಂಡ ಮಾತನ್ನು ಸರ್ಕಾರವೇ ಕುರ್ಚಿ ಹಾಕಿಕೊಂಡು ಕೂತು ಕೇಳುತ್ತಿತ್ತು. ಅವನ ಎದೆ ಉಬ್ಬಿ ಬಂತು, ಮಾತು ನಾಲಗೆಯ ತುದಿಗೂ ಬಂತು. ಅಷ್ಟರಲ್ಲಿ ಸಿದ್ದಮಲ್ಲಪ್ಪನ ಕಡೆ ನೋಡಿದ. ಅವನು ಕಣ್ಣು ಮಿಟುಕಿಸದೆ ನಗುತ್ತಾ ಬೇಲದ ಮರದ ಹೊಲದ ದಿಕ್ಕಿಗೇ ನೋಡುತ್ತಿದ್ದ.

“ಸುಳ್ಳು ಸಾ!” ಎಂದು ಗುರುಮಲ್ಲಪ್ಪ ಕಿರುಚಿದ. “ಒಟ್ಟೆಕಿಚ್ಚಿಗೆ ಏಳ್ತಾವ್ನೆ ಈ ಪಾಪಿ! ನಂಗೆ ಬೇಸಾಯದ ಗಂಧಾನೇ ಗೊತ್ತಿಲ್ಲ! ಅದು ರಾಗೀನೇ ಅಲ್ಲ ಸಾ, ಬರೀ ಉಲ್ಲು! ತಾನಾಗೇ ಬೆಳ್ಕಂಡದ! ನನ್ನಾಣೆ, ನನ್ನೆಡ್ತಿ ಮಕ್ಳಾಣೆ, ಮಾದಪ್ಪನಾಣೆ!”

ಊರವರು ನಿಟ್ಟುಸಿರು ಬಿಟ್ಟರು. ಬೆಳೆ ಉಳಿಯಿತು. ಸಾಹೇಬರು ಆಣೆಯನ್ನೂ ಸೇರಿಸಿ ಬರೆದುಕೊಂಡು, ಹೊಲವನ್ನು ಕಾಡೆಂದು ತೀರ್ಮಾನಿಸಿ ಸಹಿ ಹಾಕಿದರು.

ತೀರ್ಮಾನ ಜಾರಿಗೆ ಬಂದ ರೀತಿ ಬಹಳ ಸರಳ. ಕಾಡಿನ ಅಂಚಿನಲ್ಲಿ ವಾಸವಿರುವವನು ಬಿದ್ದ ಕಾಯಿ, ಕಾಳು ಆಯ್ದುಕೊಳ್ಳಬಹುದೆಂದು ಇನ್ನೊಂದು ನಿಯಮವಿತ್ತು. ಅದರಂತೆ ಗುರುಮಲ್ಲಪ್ಪ ಆ ವರ್ಷದ ರಾಗಿಯನ್ನು ಕುಯ್ದು, ಕಣ ಮಾಡಿ, ಒಕ್ಕಿ, ತೂರಿ, ಹಗೇವು ತುಂಬಿ, ಆಯ್ದುಕೊಂಡ. ಮುಂಗಾರಿನಲ್ಲಿ ಅವನು ಉತ್ತದ್ದನ್ನು ಕಾಡಿನಲ್ಲಿ ಜಾನುವಾರುಗಳ ಓಡಾಟವೆಂದೂ, ಕಳೆ ಕಿತ್ತದ್ದನ್ನು ಕಾಡಿನ ಸಂರಕ್ಷಣೆಯೆಂದೂ, ಕವಣೆ ಬೀಸಿ ಹಕ್ಕಿ ಓಡಿಸಿದ್ದನ್ನು ಪಕ್ಷಿ ವೀಕ್ಷಣೆಯೆಂದೂ ದಾಖಲಿಸಲಾಯಿತು. ಬೇರೆ ಹೊಲಗಳ ವಿಚಾರಣೆಯಲ್ಲಿ ಊರವರೆಲ್ಲ ಇದೇ ಜಾಣತನ ತೋರಿಸಿ ಒಬ್ಬೊಬ್ಬರಾಗಿ ಕಾಡಿನವರಾದರು. ಸಿದ್ದಮಲ್ಲಪ್ಪನ ಸರದಿ ಬಂದಾಗ ಗುರುಮಲ್ಲಪ್ಪ ಹೋಗಿ ಅವನ ಜೋಳವನ್ನು ಮನಸಾರೆ ಹೊಗಳಿ ಬಂದ. ಸಿದ್ದಮಲ್ಲಪ್ಪ ಅತ್ತುಬಿಟ್ಟ.

ಮರುವರ್ಷ ದೊಡ್ಡ ಸಾಹೇಬರು ಈ ಕಾಡನ್ನು ನೋಡಲು ಮೋಟಾರಿನಲ್ಲಿ ಬಂದರು. ಇಷ್ಟು ಸಾಲುಸಾಲಾಗಿ, ತೆನೆ ತೂಗುವ ಕಾಡನ್ನು ಅವರು ಎಲ್ಲೂ ಕಂಡಿರಲಿಲ್ಲ. ಕೆಂಪನಂಜಪ್ಪನವರ ಬೆನ್ನು ತಟ್ಟಿ, “ಇದೆಲ್ಲ ನಿಮ್ಮ ಶ್ರಮ. ಬಡ್ತಿಗೆ ಬರೆಯುತ್ತೇನೆ. ಹೌದು ತಾನೇ?” ಎಂದರು.

ಆ ಹೊತ್ತಿಗೆ ಕೆಂಪನಂಜಪ್ಪನವರು ವಿಚಾರಣೆಗಳಿಗೆಂದು ಬಂದುಹೋಗುತ್ತಾ ವರ್ಷವಿಡೀ ಕಕ್ಕೆದೊಡ್ಡಿಯ ಮುದ್ದೆ ಉಂಡಿದ್ದರು. ಬಡ್ತಿಯ ಮಾತು ಕಿವಿಗೆ ಬಿದ್ದದ್ದೇ ಅಗರದ ತಾಯಿ ನೆನಪಾದರೋ ಏನೋ, ಬೆವರಿ ಕೈಮುಗಿದರು. “ಅಯ್ಯೋ, ನಂದೇನದ ಸಾ. ನಂಗೇನೂ ಗೊತ್ತಿಲ್ಲ. ಎಂಗೋ ಈ ನೌಕ್ರಿಗೆ ತಾನಾಗೇ ಬಂದ್ಬುಟ್ಟೆ.”

ದೊಡ್ಡ ಸಾಹೇಬರು ಗಂಭೀರವಾದರು. ತಾನಾಗಿ ಬಂದುದೆಲ್ಲ ಯಾರಿಗೆ ಸೇರಬೇಕೆಂಬ ನಿಯಮ ಸ್ಪಷ್ಟವಾಗಿತ್ತು. ಕೆಂಪನಂಜಪ್ಪನವರನ್ನು ಅಂದಿನಿಂದಲೇ ಕಾಡಿನ ಲೆಕ್ಕಕ್ಕೆ ವರ್ಗ ಮಾಡಿ, ಸದರಿ ರಾಗಿಯ ಕಾವಲಿಗೆ ಹಾಕಲಾಯಿತು.

ಅವರು ಖಾಕಿ ತೊಟ್ಟು ಮೊದಲ ಸಲ ಬಂದ ದಿನ ಗುರುಮಲ್ಲಪ್ಪ ಬದುವಿನ ಮೇಲೆ ನಿಂತಿದ್ದ. ತೆನೆ ತುಂಬಿ ಬಾಗಿತ್ತು. ಈಗ ಅದು ಸರ್ಕಾರದ್ದು, ಕಣ್ಣು ಬಿದ್ದರೂ ಸರ್ಕಾರಕ್ಕೆ ಬೀಳುತ್ತದೆ. ಆ ಧೈರ್ಯದಲ್ಲಿ ಅವನು ಹುಟ್ಟಿದಾಗಿನಿಂದ ಮೊದಲ ಸಲ ಬೇಲದ ಮರಕ್ಕೆ ಬೆನ್ನು ಹಾಕಿ, ಅಪ್ಪನ ಹೊಲವನ್ನು ಎರಡೂ ಕಣ್ಣು ಬಿಟ್ಟು ನೋಡಿದ.

“ನೋಡಿ ಸಾ!” ಎಂದು ಊರಿಗೆಲ್ಲ ಕೇಳುವಂತೆ ಕೂಗಿದ. “ಎಂಥಾ ಕಾಡು! ಎಂಥಾ ತೆನೆ! ಇಂಥಾ ಕಾಡು ಸೀಮೇಲೇ ಇಲ್ಲ!”

“ಥೂ ಥೂ! ಬುಡಿ ಗುರುಮಲ್ಲಪ್ಪೋರೆ, ಕಣ್ಣಾಕ್ಬೇಡಿ!” ಎಂದು ಕೆಂಪನಂಜಪ್ಪನವರು ಪಕ್ಕಕ್ಕೆ ಉಗಿದು, ಅವನ ಕೈ ಹಿಡಿದು ಮನೆ ಕಡೆಗೆ ಎಳೆದುಕೊಂಡು ಹೋದರು.

ಶಿವರತ್ನಮ್ಮ ಮುದ್ದೆಯಿಟ್ಟು ಹಿತಕಿದವರೆ ಸಾರು ಬಡಿಸಿ, ಬಾಗಿಲ ಮರೆಯಲ್ಲಿ ಅಂಜುತ್ತಾ ನಿಂತಳು. ಕೆಂಪನಂಜಪ್ಪನವರು ಒಂದು ತುತ್ತು ನುಂಗಿ ಮುಖ ಸಿಂಡರಿಸಿದರು. “ಇದೂ ಒಂದು ಸಾರಾ ತಾಯಿ? ಏನೋ, ಅಸಿವಾದಾಗ ಉಣ್ಬೋದು” ಎಂದು ತಣಿಗೆಯನ್ನು ಮತ್ತೆ ಅವಳ ಮುಂದಕ್ಕೆ ನೂಕಿದರು. ಶಿವರತ್ನಮ್ಮನ ಮುಖ ಅರಳಿತು. ಅವಳು ಒಲೆಯ ಮೇಲಿದ್ದ ಪಾತ್ರೆಯನ್ನೇ ತಂದು ಅವರ ಪಕ್ಕದಲ್ಲಿಟ್ಟಳು. ಅಷ್ಟು ಕೆಟ್ಟ ಸಾರನ್ನು ಗಂಡಸರಿಬ್ಬರೂ ಸೇರಿ ತಳ ಕಾಣುವವರೆಗೆ ಬಿಡಲಿಲ್ಲ.